ಕಮೊಂಗೊ ಮೀನಿನ ಹಿಂದೆ ಹೋದ ಹೋಮರ್ ಸ್ಮಿತ್

ಹೋದ ವರ್ಷದ ಸಂಚಿಕೆಗೆ ಮನೆ ವೈರಿಂಗ್ ಬಗ್ಗೆ ಬರೆದಿದ್ದೆ. ಈ ಸಲವೂ ಅಂಥದ್ದೇ ಏನಾದ್ರೂ ಕೊಡಿ ಅಂತ ಸಂಪಾದಕರು ಕೇಳಿದ್ರು. ಒಬ್ಬ ವಿಜ್ಞಾನಿಯ ಜೀವನ ಬರೀತೀನಿ ಅಂದಾಗ ಅವರಿಗೆ ಸ್ವಲ್ಪ ಆಶ್ಚರ್ಯವೇ ಆಯ್ತು. ಮಂಡ್ಯದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನಿಗೆ ಮೀನಿನ ಕಿವಿರು, ಮನುಷ್ಯನ ಕಿಡ್ನಿ ಇವೆಲ್ಲ ಯಾಕಪ್ಪ ಅಂತ ನಿಮಗೂ ಅನ್ನಿಸಬಹುದು. ಕಾರಣ ಇದೆ.

ಹೋದ ಜುಲೈನಲ್ಲಿ ಒಂದು ವಾರ ಬಿಸಿಲು ಕಾದು ಕಾದು, ಒಂದು ರಾತ್ರಿ ಜೋರು ಗಾಳಿ ಮಳೆ ಬಂತಲ್ಲ, ಆವತ್ತು ಎಡಿಸನ್‌ನಲ್ಲಿ ನಮ್ಮ ಬೀದಿಗೆಲ್ಲ ಕರೆಂಟು ಹೋಯ್ತು. ಊರಲ್ಲಾದ್ರೆ ಕರೆಂಟು ಹೋಗೋದು ಸುದ್ದಿಯೇ ಅಲ್ಲ. ಇಲ್ಲಿ ಮಕ್ಕಳಿಗೆ ಅದೊಂದು ದೊಡ್ಡ ಸಂಗತಿ. ನಡುರಾತ್ರಿ ನನ್ನ ಮಗಳು ಬಂದು ಎಬ್ಬಿಸಿದಳು. ಅವಳ ತೊಟ್ಟಿಯ ನಾಲ್ಕು ಗೋಲ್ಡ್ ಫಿಶ್‌ಗಳೂ ನೀರಿನ ಮೇಲಕ್ಕೆ ಬಂದು, ಬಾಯಿ ಮೇಲೆ ಮಾಡಿ ಲಬಲಬ ಅಂತಿದ್ದವು. ಗಾಳಿ ಬಿಡೋ ಪಂಪು ನಿಂತು ಮೂರು ನಾಲ್ಕು ಗಂಟೆ ಆಗಿತ್ತು. ಕೈ ಇಟ್ಟು ನೋಡಿದೆ, ನೀರು ಬೆಚ್ಚಗಿತ್ತು. ಕೆಲಸದ ವ್ಯಾನಿನಿಂದ ಡ್ರಿಲ್ ಬ್ಯಾಟರಿ, ಒಂದು ಚಿಕ್ಕ ಇನ್ವರ್ಟರ್ ತಂದು ಪಂಪಿಗೆ ಕೊಟ್ಟೆ. ಗುಳ್ಳೆ ಬರೋಕೆ ಶುರುವಾಗಿ ಸುಮಾರು ಅರ್ಧ ಗಂಟೆಗೆ ಒಂದೊಂದಾಗಿ ಮೀನುಗಳು ಕೆಳಗಿಳಿದವು. ಮಗಳು ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ನಮ್ಮೂರು ಮದ್ದೂರು ತಾಲ್ಲೂಕು. ಬೇಸಿಗೆಯಲ್ಲಿ ಕೆರೆ ಇಳಿದಾಗ ನಮ್ಮಪ್ಪ ಮೀನು ಹಿಡಿದು ಬಕೆಟ್ಟಿನಲ್ಲಿ ತರೋರು. ಗೆಂಡೆ ಮೀನು ಮನೆಗೆ ಬರೋ ಹೊತ್ತಿಗೇ ಬೆಳ್ಳಗೆ ಮಗುಚಿಕೊಂಡಿರೋವು. ಅದೇ ಬಕೆಟ್ಟಿನಲ್ಲಿದ್ದ ಕೊರವ ಮಾತ್ರ, ಹಾವಿನ ತಲೆಯ ಆ ಕಪ್ಪು ಮೀನು, ಮಾರನೇ ದಿನಕ್ಕೂ ಬದುಕಿರೋದು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಕೆಳಗೆ ಹೋಗೋದು. ಒಂದೇ ನೀರು, ಒಂದು ಸತ್ತಿತು, ಒಂದು ಉಳಿಯಿತು. ಯಾಕೆ ಅಂತ ಅಪ್ಪನನ್ನು ಕೇಳಿದ್ದೆ. ಅದರ ಜಾತಿ ಗಟ್ಟಿ ಅಂದುಬಿಟ್ಟರು. ಇಪ್ಪತ್ತೈದು ವರ್ಷ ಆದಮೇಲೆ ಎಡಿಸನ್ನಿನ ಅಡುಗೆಮನೆಯಲ್ಲಿ ಮೇಣದಬತ್ತಿ ಹಿಡಿದು ನಿಂತಾಗ ಅದೇ ಪ್ರಶ್ನೆ ಮತ್ತೆ ಬಂತು.

ಗ್ರಂಥಾಲಯದಲ್ಲಿ ಮೀನಿನ ಉಸಿರಾಟದ ಪುಸ್ತಕ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಹೋಮರ್ ಸ್ಮಿತ್. ಓದುತ್ತಾ ಗೊತ್ತಾಯ್ತು, ಈ ಮನುಷ್ಯ ಕೆಲಸ ಮಾಡಿದ್ದು ಮ್ಯಾನ್‌ಹ್ಯಾಟನ್‌ನ ಫಸ್ಟ್ ಅವೆನ್ಯೂನಲ್ಲಿ, ಬೆಲ್ವ್ಯೂ ಆಸ್ಪತ್ರೆಯ ಮಗ್ಗುಲಲ್ಲಿ. ಅದೇ ರಸ್ತೆಯಲ್ಲಿ ನಾನು ಎಂಟು ತಿಂಗಳು ಪೈಪು ಬಗ್ಗಿಸಿ ಕೇಬಲ್ ಎಳೆದಿದ್ದೇನೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತ ಜಾಗದಿಂದ ಈಸ್ಟ್ ರಿವರ್ ಕಾಣೋದು.

ಸ್ಮಿತ್ ಹುಟ್ಟಿದ್ದು 1895ರ ಜನವರಿ 2ರಂದು, ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ. ಬೆಳೆದಿದ್ದು ಕ್ರಿಪಲ್ ಕ್ರೀಕ್ ಅನ್ನೋ ಚಿನ್ನದ ಗಣಿ ಊರಲ್ಲಿ. ನಮ್ಮ ಕೆಜಿಎಫ್ ಥರ ಅಂದುಕೊಳ್ಳಿ. ಸಮುದ್ರಕ್ಕೂ ಆ ಊರಿಗೂ ಸಂಬಂಧವೇ ಇಲ್ಲ. 1917ರಲ್ಲಿ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸೋ ಹೊತ್ತಿಗೆ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿದಿತ್ತು. ಇವರು ಸೈನ್ಯ ಸೇರಿದರು. ವಾಷಿಂಗ್ಟನ್‌ನಲ್ಲಿ ಮಸ್ಟರ್ಡ್ ಗ್ಯಾಸ್ ಎಂಬ ವಿಷಾನಿಲ ದೇಹಕ್ಕೆ ಏನು ಮಾಡುತ್ತೆ ಅಂತ ಪರೀಕ್ಷೆ ಮಾಡೋ ಕೆಲಸಕ್ಕೆ ಹಾಕಿದರು. ಅಲ್ಲಿ ಅವರ ಮೇಲಧಿಕಾರಿ ಮಾರ್ಷಲ್ ಅನ್ನೋ ವಿಜ್ಞಾನಿ. ಮುಂದೆ ಮೀನಿನ ಕಿಡ್ನಿಯ ವಿಚಾರದಲ್ಲಿ ಇಬ್ಬರೂ ಸೇರಿ ಬರೆದರು. ಯುದ್ಧ ಮುಗಿದ ಮೇಲೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1921ಕ್ಕೆ ಡಾಕ್ಟರೇಟ್, ಆಮೇಲೆ ಒಂದು ಔಷಧ ಕಂಪನಿ, ಹಾರ್ವರ್ಡ್, ವರ್ಜೀನಿಯಾ ಅಂತ ಸುತ್ತಿ 1928ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಬಂದರು. ಆಗ ವಯಸ್ಸು ಮೂವತ್ತಮೂರು. ಹೆಚ್ಚುಕಮ್ಮಿ ಈಗಿನ ನನ್ನ ವಯಸ್ಸು. 1961ರ ತನಕ ಅಲ್ಲೇ ಇದ್ದರು.

ಅವರು ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. 1929ರಲ್ಲಿ ಪ್ರಕಟ ಆಯ್ತು. ಮೀನಿನ ದೇಹದ ಕೊಳೆ, ಅಂದ್ರೆ ತಿಂದ ಪ್ರೋಟೀನಿನಿಂದ ಬರೋ ಅಮೋನಿಯಾ, ಎಲ್ಲಿಂದ ಹೊರಗೆ ಹೋಗುತ್ತೆ ಅನ್ನೋದು ಪ್ರಶ್ನೆ. ನಮ್ಮ ಹಾಗೆ ಮೂತ್ರದಲ್ಲೇ ಹೋಗಬೇಕು ಅಂತ ಯಾರಾದ್ರೂ ಹೇಳೋರು. ಸ್ಮಿತ್ ಒಂದು ಪೆಟ್ಟಿಗೆ ಮಾಡಿ, ನಡುವೆ ರಬ್ಬರ್ ಪರದೆ ಹಾಕಿ, ಮೀನಿನ ತಲೆ ಕಿವಿರು ಒಂದು ಕಡೆಯ ನೀರಲ್ಲಿ, ಹಿಂಭಾಗ ಇನ್ನೊಂದು ಕಡೆಯ ನೀರಲ್ಲಿ ಇರೋ ಹಾಗೆ ನಿಲ್ಲಿಸಿದರು. ನಮ್ಮ ಕೆಲಸದಲ್ಲಿ ಲೈನಲ್ಲಿ ಫಾಲ್ಟ್ ಬಂದರೆ ಏನು ಮಾಡ್ತೀವಿ? ಮಧ್ಯದ ಜಂಕ್ಷನ್ ಬಾಕ್ಸಲ್ಲಿ ಬಿಡಿಸಿ, ಯಾವ ಅರ್ಧದಲ್ಲಿ ತೊಂದರೆ ಅಂತ ನೋಡ್ತೀವಿ. ಅದೇ ಲೆಕ್ಕ. ಕೆಲವು ಗಂಟೆ ಬಿಟ್ಟು ಎರಡೂ ಕಡೆಯ ನೀರು ಅಳೆದರು. ಕಿಡ್ನಿ ಹಾಕಿದ್ದಕ್ಕಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಕಸ ತಲೆಯ ಕಡೆ ನೀರಿನಲ್ಲಿತ್ತು! ಉಸಿರು ಒಳಗೆ ಬರೋ ಬಾಗಿಲಲ್ಲೇ ಮನೆಯ ಕಸವೂ ಆಚೆ ಹೋಗುತ್ತಿತ್ತು. ಈ ಪ್ರಯೋಗಕ್ಕೆ ಅವರು ಬಳಸಿದ್ದು ಕಾರ್ಪ್ ಮತ್ತು ಗೋಲ್ಡ್ ಫಿಶ್. ಅಂದ್ರೆ ನಮ್ಮ ಗೆಂಡೆಯ ದೊಡ್ಡ ಕುಟುಂಬದವೇ, ನನ್ನ ಮಗಳ ಮೀನಿನ ನೆಂಟರೇ. ತೊಟ್ಟಿಗೆ ಫಿಲ್ಟರ್ ಯಾಕೆ ಬೇಕು ಅಂತ ಕೇಳಿದವರಿಗೆ ಈಗ ಇದನ್ನೇ ಹೇಳ್ತೀನಿ.

ಕಿವಿರಿನ ಕಷ್ಟ ಸ್ವಲ್ಪ ಹೇಳಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತೆ. 30 ಡಿಗ್ರಿ ಬಿಸಿಯಿರೋ ಒಂದು ಲೀಟರ್ ನೀರಲ್ಲಿ, ಅದು ಎಷ್ಟೇ ಚೊಕ್ಕಟವಾಗಿದ್ರೂ, 5 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ತಣ್ಣೀರಲ್ಲಿ ಇನ್ನೂ ಜಾಸ್ತಿ ಕರಗುತ್ತೆ, ಬಿಸಿಯಾದಷ್ಟೂ ಕಮ್ಮಿ. ಅದೇ ಬಿಸಿಗೆ ಮೀನಿನ ಮೈಗೆ ಬೇಕಾಗೋದು ಮಾತ್ರ ಹೆಚ್ಚಾಗುತ್ತೆ. ಸಂಬಳ ಇಳಿದ ತಿಂಗಳೇ ಖರ್ಚು ಏರಿದ ಹಾಗೆ. ಅದಕ್ಕೇ ಕಿವಿರಿನಲ್ಲಿ ರಕ್ತ ಒಂದು ಕಡೆಗೆ, ನೀರು ಅದರ ಎದುರು ದಿಕ್ಕಿಗೆ ಹರಿಯೋ ಹಾಗೆ ಏರ್ಪಾಟು ಇದೆ. ಹೀಗೆ ಎದುರಾಎದುರು ಹರಿದಾಗ ನೀರಲ್ಲಿರೋ ಆಮ್ಲಜನಕದ ಬಹುಪಾಲನ್ನು ರಕ್ತ ಎಳೆದುಕೊಳ್ಳುತ್ತೆ. ನಮ್ಮ ಶ್ವಾಸಕೋಶ ಗಾಳಿಯಲ್ಲಿರೋದರ ಕಾಲು ಭಾಗವನ್ನಷ್ಟೇ ತಗೊಂಡು ಉಳಿದದ್ದನ್ನು ಹಾಗೇ ಬಿಟ್ಟುಬಿಡುತ್ತೆ. ಗಾಳಿಯಲ್ಲಿ ಬದುಕೋ ನಾವು ಆ ಲೆಕ್ಕದಲ್ಲಿ ದುಂದುಗಾರರು.

ನೀರಲ್ಲಿ ಆಮ್ಲಜನಕ ಕಮ್ಮಿಯಾಗಿದ್ದು ಮೀನಿಗೆ ಹೇಗೆ ಗೊತ್ತಾಗುತ್ತೆ? ಇದನ್ನು ಬಿಡಿಸಿದ್ದು ಸ್ಮಿತ್ ಅಲ್ಲ, ಅವರ ನಂತರದವರು. ಕಿವಿರಿನ ಎಳೆಗಳಲ್ಲೇ ಆಮ್ಲಜನಕ ಅಳೆಯೋ ಪುಟ್ಟ ಜೀವಕೋಶಗಳಿವೆ. ನೀರಿನ ಆಮ್ಲಜನಕ ಇಳಿದ ಕೂಡಲೇ ನರದ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತೆ. ಬಾಯಿ, ಕಿವಿರು ಮುಚ್ಚಳ ಜೋರಾಗಿ ಆಡುತ್ತವೆ, ಎಷ್ಟೋ ಮೀನುಗಳಲ್ಲಿ ಹೃದಯದ ಬಡಿತ ನಿಧಾನ ಆಗುತ್ತೆ. ಅದೂ ಸಾಲದಿದ್ದರೆ ಮೇಲೆ ಬಂದು, ಗಾಳಿಗೆ ತಾಗಿರೋ ತೆಳು ಪದರದ ನೀರನ್ನೇ ಕಿವಿರಿಗೆ ಎಳೆದುಕೊಳ್ಳುತ್ತವೆ. ಜುಲೈ ರಾತ್ರಿ ನಾನು ಕಂಡಿದ್ದು ಅದು. ಆ ಮೀನುಗಳು ಹೆಚ್ಚಾಗಿ ಕುಡಿಯುತ್ತಿದ್ದದ್ದು ಗಾಳಿಯನ್ನಲ್ಲ, ಮೇಲಿನ ನೀರನ್ನು.

ನಮ್ಮ ದೇಹ ಹೀಗಲ್ಲ. ನಮಗೆ ಉಸಿರು ಕಟ್ಟಿತು ಅನ್ನಿಸೋದು ಮುಖ್ಯವಾಗಿ ಇಂಗಾಲದ ಡೈ ಆಕ್ಸೈಡ್ ಏರಿದಾಗ. ಆಮ್ಲಜನಕ ಮಾತ್ರ ಕಮ್ಮಿಯಾದ ಜಾಗದಲ್ಲಿ ನಮಗೆ ಏನೂ ಅನ್ನಿಸದೇ ಇರಬಹುದು. ಇಲ್ಲಿಗೆ ಬರೋ ಮುಂಚೆ ಕೊಲ್ಲಿಯ ಒಂದು ಸೈಟಿನಲ್ಲಿದ್ದಾಗ, ಬಹಳ ದಿನ ಮುಚ್ಚಿಟ್ಟಿದ್ದ ಕಬ್ಬಿಣದ ಟ್ಯಾಂಕಿಗೆ ಒಬ್ಬ ಹುಡುಗನನ್ನು ಇಳಿಸಿದರು. ಒಳಗೆಲ್ಲ ತುಕ್ಕು. ಗಾಳಿಯಲ್ಲಿನ ಆಮ್ಲಜನಕ ತಿಂದೇ ತುಕ್ಕು ಬೆಳೆಯೋದು ಅಂತ ಆಗ ನಮಗ್ಯಾರಿಗೂ ತಿಳಿದಿರಲಿಲ್ಲ. ವಾಸನೆ ಇಲ್ಲ, ಕೆಮ್ಮಿಲ್ಲ. ಮೇಲೆ ನಿಂತು ನಾನು ಟಾರ್ಚ್ ಬಿಡುತ್ತಿದ್ದೆ. ಏನೋ ಹೇಳೋಕೆ ತಿರುಗಿದವನು ಹಾಗೇ ಕುಸಿದ. ಸೊಂಟಕ್ಕೆ ಹಗ್ಗ ಇದ್ದದ್ದು ಅವನ ಅದೃಷ್ಟ, ಎಳೆದುಕೊಂಡೆವು, ಉಳಿದ. ನಾನು ಹಿಂದೆಯೇ ಇಳಿಯೋಕೆ ಒಂದು ಕಾಲು ಏಣಿ ಮೇಲಿಟ್ಟಿದ್ದೆ. ಈಗ ಮ್ಯಾನ್‌ಹೋಲ್, ಟ್ಯಾಂಕು, ವಾಲ್ಟ್ ಯಾವುದಕ್ಕೇ ಇಳಿಯಲಿ, ಮೊದಲು ಮೀಟರ್ ಇಳಿಬಿಡ್ತೀನಿ. ಹೊರಗಿನ ಗಾಳಿಯಲ್ಲಿ 20.9 ತೋರಿಸಬೇಕು, 19.5ಕ್ಕಿಂತ ಕೆಳಗೆ ಹೋದ್ರೆ ಯಾರೇ ಕೂಗಾಡಲಿ ಇಳಿಯಲ್ಲ. ಗೆಂಡೆ ಮೀನಿಗೆ ದೇವರು ಕಿವಿರಲ್ಲೇ ಕೊಟ್ಟಿದ್ದನ್ನು ನಾವು ಬೆಲ್ಟಿಗೆ ಕಟ್ಟಿಕೊಳ್ಳಬೇಕು. ನಮ್ಮ ಪೈಕಿ ಈ ಕೆಲಸ ಮಾಡೋ ಹುಡುಗರು ಈ ಒಂದು ಪ್ಯಾರಾ ಓದಿದ್ರೂ ನನಗೆ ಸಾಕು.

ಸ್ಮಿತ್ ಕಥೆಗೆ ಬರ್ತೀನಿ. ಮೀನಿನ ಕಿವಿರು ನೀರಲ್ಲಿ ಕಸ ಬಿಡುತ್ತೆ ಸರಿ, ನೀರೇ ಇಲ್ಲದಾದ್ರೆ? ಇದಕ್ಕೆ ಉತ್ತರ ಹುಡುಕಿ ಅವರು 1928ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಹಣದಲ್ಲಿ ಆಫ್ರಿಕಾಕ್ಕೆ ಹೋದರು, ವಿಕ್ಟೋರಿಯಾ ಸರೋವರದ ದಡಕ್ಕೆ. ಅಲ್ಲಿನ ಲುವೊ ಜನ ಕಮೊಂಗೊ ಅಂತ ಕರೆಯೋ ಮೀನು ಅವರಿಗೆ ಬೇಕಿತ್ತು. ಉದ್ದಕ್ಕೆ, ಹಾವುಮೀನಿನ ಥರ. ಅದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ಕಿವಿರು ಎಷ್ಟು ಸಣ್ಣದಾಗಿಬಿಟ್ಟಿದೆ ಅಂದ್ರೆ, ನೀರಿನ ಮೇಲೆ ಬರೋಕೆ ಬಿಡದೇ ಹಿಡಿದಿಟ್ಟರೆ ಮೀನಾಗಿಯೂ ಮುಳುಗಿ ಸಾಯುತ್ತೆ. ಈ ಜಾತಿಯ ಮೀನು ನೀರು ಬತ್ತಿದಾಗ ಕೆಸರಲ್ಲಿ ಬಿಲ ತೋಡಿ, ಬಾಲವನ್ನು ತಲೆ ಮೇಲೆ ಮಡಿಚಿಕೊಂಡು, ಮೈಯಿಂದ ಲೋಳೆ ಬಿಟ್ಟು ಸುತ್ತ ಒಂದು ಪೊರೆ ಮಾಡಿಕೊಳ್ಳುತ್ತೆ. ಪೊರೆ ಒಣಗಿ ಕಾಗದದ ಹಾಗೆ ಆಗುತ್ತೆ. ಬಾಯಿಯ ಹತ್ತಿರ ಮಾತ್ರ ಒಂದು ತೂತು, ಉಸಿರಿಗೆ. ಮಳೆ ಬರೋ ತನಕ ಹಾಗೇ. ಒಂದು ವರ್ಷ ಮೀರಿದರೂ ತಡೆದುಕೊಳ್ಳುತ್ತೆ.

ಸ್ಮಿತ್ ಈ ಮೀನುಗಳನ್ನು ನ್ಯೂಯಾರ್ಕಿಗೆ ತಂದರು. ಪ್ರಯೋಗಾಲಯದಲ್ಲಿ ಕೆಸರು ಒಣಗಿಸಿ ಮಲಗಿಸಿದರು. ತಿಂಗಳುಗಟ್ಟಲೆ ಅವು ಎಷ್ಟು ಆಮ್ಲಜನಕ ಬಳಸುತ್ತವೆ, ಒಳಗೆ ಏನು ಉರಿಯುತ್ತೆ ಅಂತ ಅಳೆದರು. ಉಸಿರಿನ ಖರ್ಚು ಬಹಳ ಕೆಳಗಿಳಿದಿತ್ತು. ಹೊಟ್ಟೆಗೆ ಏನೂ ಇಲ್ಲ, ತನ್ನ ಮಾಂಸವನ್ನೇ ಸ್ವಲ್ಪ ಸ್ವಲ್ಪ ಕರಗಿಸಿಕೊಂಡು ಬದುಕಿದ್ದವು. ಮಾಂಸ ಕರಗಿದ್ರೆ ಅಮೋನಿಯಾ ಬರಬೇಕಲ್ಲ, ಅದು ವಿಷ. ತೊಳೆದು ಹಾಕೋಕೆ ನೀರಿಲ್ಲ. ಅದಕ್ಕೆ ಮೀನು ಅದನ್ನು ಯೂರಿಯಾ ಮಾಡಿ ಮೈಯಲ್ಲೇ ಶೇಖರಿಸಿ ಇಟ್ಟುಕೊಳ್ಳುತ್ತಿತ್ತು. ಹೌದು, ಗದ್ದೆಗೆ ಹಾಕೋ ಮೂಟೆ ಯೂರಿಯಾನೇ. ಅದು ಅಮೋನಿಯಾದಷ್ಟು ಸುಡೋದಿಲ್ಲ. ಮತ್ತೆ ನೀರು ಸಿಕ್ಕಾಗ ಆ ಗಂಟನ್ನು ಆಚೆ ಬಿಡುತ್ತೆ. ನಮ್ಮ ಮೂತ್ರದಲ್ಲಿ ಹೋಗೋದೂ ಯೂರಿಯಾನೇ. ನೆಲಕ್ಕೆ ಬಂದ ಪ್ರಾಣಿಗಳೆಲ್ಲ ನೀರು ಉಳಿಸೋಕೆ ಇಂಥ ದಾರಿ ಹಿಡಿಯಬೇಕಾಯ್ತು ಅಂತ ಸ್ಮಿತ್ ಕಂಡುಕೊಂಡರು.

ಆ ಪ್ರಯಾಣದಿಂದ ಒಂದು ಕಾದಂಬರಿಯೂ ಹುಟ್ಟಿತು, 1932ರಲ್ಲಿ. ಹೆಸರು ಕಮೊಂಗೊ ಅಂತಲೇ. ಮೀನು ತಗೊಂಡು ವಾಪಸ್ಸು ಹೊರಟ ವಿಜ್ಞಾನಿ, ಹಡಗಿನಲ್ಲಿ ಸಿಕ್ಕ ಒಬ್ಬ ಪಾದ್ರಿ, ಇಬ್ಬರೂ ಕೂತು ಜೀವ ಅಂದ್ರೇನು, ಯಾತಕ್ಕೆ ಅಂತ ಮಾತಾಡ್ತಾರೆ. ಅಮೆರಿಕದಲ್ಲಿ ಬಹಳ ಜನ ಓದಿದರು. ನಾನು ಪೂರ್ತಿ ಓದಿದೆ ಅಂತ ಸುಳ್ಳು ಹೇಳಲ್ಲ, ಮಧ್ಯದ ವಾದ ನನಗೆ ಸ್ವಲ್ಪ ಭಾರ ಆಯ್ತು. ಧರ್ಮಗಳ ಬಗ್ಗೆ 1952ರಲ್ಲಿ ಬರೆದ ಇನ್ನೊಂದು ಪುಸ್ತಕಕ್ಕೆ ಮುನ್ನುಡಿ ಬರೆದವರು ಆಲ್ಬರ್ಟ್ ಐನ್‌ಸ್ಟೈನ್, ಆಗ ನಮ್ಮ ಪ್ರಿನ್ಸ್‌ಟನ್‌ನಲ್ಲೇ ಇದ್ದರು.

ಆಫ್ರಿಕಾ ಆದ ಮೇಲೂ ಮೀನು ಬಿಡಲಿಲ್ಲ. ಬೇಸಿಗೆ ಬಂತೆಂದರೆ ಮೇಯ್ನ್ ರಾಜ್ಯದ ಕಡಲ ತೀರದ ಪ್ರಯೋಗಾಲಯಕ್ಕೆ ಹೋಗೋರು. ಮಲಯಾದ ಪೆರಕ್ ನದಿಗೂ ಹೋಗಿ, ಉಪ್ಪುನೀರು ಬಿಟ್ಟು ಸಿಹಿನೀರಿಗೆ ಬಂದ ಗರಗಸ ಮೀನುಗಳನ್ನು ಪರೀಕ್ಷಿಸಿದರು. ಸಿಹಿನೀರಿನ ಮೀನಿನ ಕಷ್ಟ ಒಂದು ಥರ: ಅದರ ಮೈಯಲ್ಲಿ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ, ಹಾಗಾಗಿ ಕಿವಿರಿನ ಮೂಲಕ ನೀರು ತಾನಾಗೇ ಒಳಗೆ ನುಗ್ಗುತ್ತಲೇ ಇರುತ್ತೆ. ಕಿಡ್ನಿ ಹಗಲೂ ರಾತ್ರಿ ಪಂಪಿನ ಹಾಗೆ ಎತ್ತಿ ಆಚೆ ಹಾಕಬೇಕು. ಸಮುದ್ರದ ಮೀನಿನದು ಉಲ್ಟಾ. ಸುತ್ತ ನೀರಿದ್ದೂ ಅದರ ಮೈ ಒಣಗುತ್ತೆ. ಅದಕ್ಕೇ ಅದು ಸಮುದ್ರದ ನೀರನ್ನೇ ಕುಡಿಯುತ್ತೆ ಅಂತ ಸ್ಮಿತ್ 1930ರಲ್ಲಿ ತೋರಿಸಿದರು. ತೊಟ್ಟಿಯ ನೀರಿಗೆ ಒಂದು ಕೆಂಪು ಬಣ್ಣ ಬೆರೆಸಿ, ಅದು ಮೀನಿನ ಕರುಳಲ್ಲಿ ಎಷ್ಟು ಸೇರಿದೆ ಅಂತ ನೋಡಿದರು. ನೀರು ಕರುಳಿನಿಂದ ಮೈಗೆ ಹೋಗುತ್ತೆ, ಬಣ್ಣ ಉಳಿಯುತ್ತೆ. ಕುಡಿದ ಉಪ್ಪಿನ ಹೆಚ್ಚಿನ ಪಾಲು ಮತ್ತೆ ಕಿವಿರಿನಿಂದಲೇ ಹೊರಗೆ. ಅದೇ ವರ್ಷ ಮಾರ್ಷಲ್ ಜೊತೆ ಸೇರಿ, ಕಿಡ್ನಿಯ ಸೋಸೋ ಗಂಟುಗಳು ಇಂಥ ಸಿಹಿನೀರಿನ ಪಂಪಾಗಿಯೇ ಶುರುವಾದವು ಅಂತ ವಾದ ಮಾಡಿದರು. ಇಲ್ಲಿನ ಸಮುದ್ರದಲ್ಲಿ ಸಿಗೋ ಟೋಡ್ ಫಿಶ್‌ಗೆ ಆ ಗಂಟುಗಳೇ ಇಲ್ಲ. ನೀರು ಎತ್ತಿಹಾಕೋ ಅಗತ್ಯ ಇಲ್ಲದವನಿಗೆ ಪಂಪ್ ಯಾಕೆ! ಈ ವಾದದ ಕೆಲವು ಭಾಗ ಇವತ್ತಿನ ವಿಜ್ಞಾನಿಗಳು ಒಪ್ಪಲ್ಲ, ಬೆನ್ನುಮೂಳೆಯ ಪ್ರಾಣಿಗಳು ಮೊದಲು ಹುಟ್ಟಿದ್ದು ಸಮುದ್ರದಲ್ಲೇ ಅಂತ ಹೆಚ್ಚಿನವರು ಹೇಳ್ತಾರೆ. ಸ್ಮಿತ್ ಅಳತೆಗಳು ಮಾತ್ರ ನಿಂತಿವೆ.

ಈ ಪಂಪಿನ ವಿಚಾರ ಹಿಡಿದು ಅವರು ಮೀನಿನಿಂದ ಮನುಷ್ಯನಿಗೆ ಬಂದರು. ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಅಂತ, ಮೈ ಕೊಯ್ಯದೇ, ಬದುಕಿರೋ ಮನುಷ್ಯನಲ್ಲಿ ಅಳೆಯೋದು ಹೇಗೆ? ಸೋಸಿ ಹೋಗಬೇಕು, ಆದ್ರೆ ದಾರಿಯಲ್ಲಿ ದೇಹ ಅದನ್ನು ವಾಪಸ್ ಹೀರಬಾರದು, ಹೊಸದಾಗಿ ಸೇರಿಸಲೂಬಾರದು. ಅಂಥ ವಸ್ತು ಬೇಕು. ಕೆಲವು ಗಿಡಗಳ ಗೆಡ್ಡೆಯಿಂದ ತೆಗೆಯೋ ಇನ್ಯುಲಿನ್ ಅನ್ನೋ ಹಿಟ್ಟು ಸಿಕ್ಕಿತು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಲ್ಲ, ಇದು ಬೇರೆ. 1935ರಲ್ಲಿ ತಮ್ಮ ಜೊತೆಗಾರ ಶಾನನ್ ಜೊತೆ ಮನುಷ್ಯರಲ್ಲಿ ಈ ಅಳತೆ ಪ್ರಕಟಿಸಿದರು. ಫಿಲಡೆಲ್ಫಿಯಾದಲ್ಲಿ ರಿಚರ್ಡ್ಸ್ ಅನ್ನೋರ ತಂಡವೂ ಅದೇ ಹೊತ್ತಿಗೆ ಅಲ್ಲಿಗೇ ಬಂದಿತ್ತು. ಆರೋಗ್ಯವಂತರ ಎರಡು ಕಿಡ್ನಿ ಸೇರಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್, ದಿನಕ್ಕೆ 170–180 ಲೀಟರ್ ಸೋಸುತ್ತವೆ. ಅದರಲ್ಲಿ ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ವಾಪಸ್. 1951ರಲ್ಲಿ ಕಿಡ್ನಿಯ ಬಗ್ಗೆ ಅವರು ಬರೆದ ದಪ್ಪ ಗ್ರಂಥ ಡಾಕ್ಟರುಗಳಿಗೆ ಆಧಾರ ಆಯ್ತು. 1962ರ ಮಾರ್ಚ್ 25ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಕಿಡ್ನಿ ತಜ್ಞರ ಸಂಘ ಅವರ ಹೆಸರಲ್ಲಿ ಒಂದು ಪ್ರಶಸ್ತಿ ಕೊಡುತ್ತೆ.

ನಾವು ರಕ್ತ ಪರೀಕ್ಷೆ ಮಾಡಿಸಿದಾಗ ರಿಪೋರ್ಟಿನಲ್ಲಿ ಇಜಿಎಫ್ಆರ್ ಅಂತ ಒಂದು ಸಾಲು ಇರುತ್ತೆ, ನೋಡಿದ್ದೀರಾ? ಈಗ ಅದನ್ನು ರಕ್ತದ ಕ್ರಿಯಾಟಿನಿನ್ ನೋಡಿ ಅಂದಾಜು ಮಾಡ್ತಾರೆ, ಆದರೆ ಅಂದಾಜು ಮಾಡೋದು ಸ್ಮಿತ್ ಅಳೆದ ಅದೇ ಸಂಖ್ಯೆಯನ್ನು. ನನ್ನ ಅಕ್ಕನ ಗಂಡನಿಗೆ ಅದು 15ಕ್ಕಿಂತ ಕೆಳಗಿಳಿದು ಎರಡು ವರ್ಷ ಆಯ್ತು. ಭಾವ ಲಾರಿ ಓಡಿಸ್ತಿದ್ದರು. ಬಿಪಿ ಇತ್ತು, ಯಾರೂ ನೋಡಿಸಲಿಲ್ಲ. ಈಗ ವಾರಕ್ಕೆ ಮೂರು ಸಲ ಮೈಸೂರಿಗೆ ಡಯಾಲಿಸಿಸ್‌ಗೆ ಹೋಗ್ತಾರೆ, ನಾನು ತಿಂಗಳಿಗೊಮ್ಮೆ ದುಡ್ಡು ಕಳಿಸ್ತೀನಿ. ನಮ್ಮಲ್ಲಿ ಬಿಸಿಲಲ್ಲಿ ಮಾಳಿಗೆ ಮೇಲೆ, ಅಟ್ಟದ ಮೇಲೆ ಕೆಲಸ ಮಾಡೋರು ಟಾಯ್ಲೆಟ್ ದೂರ ಅಂತ ನೀರು ಕುಡಿಯದೇ ಇರ್ತೀವಿ. ನಾನೂ ಹಾಗೇ ಇದ್ದೆ. ಈಗ ವರ್ಷಕ್ಕೊಂದು ಸಲ ಆ ಸಾಲು ನೋಡಿಸ್ತೀನಿ, ಬಾಟಲಿಯೂ ಜೊತೆಗೇ ಇರುತ್ತೆ.

ಹೋದ ಏಪ್ರಿಲ್‌ನಲ್ಲಿ ಅಕ್ಕನಿಗೆ ಫೋನ್ ಮಾಡಿದಾಗ, ಭಾವನಿಗೆ ದಿನಕ್ಕೆ ಒಟ್ಟು ಮುಕ್ಕಾಲು ಲೀಟರ್ ನೀರು ಅಂತ ಡಾಕ್ಟರು ಹೇಳಿದ್ದಾರೆ, ಬಿಸಿಲಿಗೆ ತಡೆಯೋಕಾಗದೆ ಒದ್ದಾಡ್ತಾರೆ ಅಂದಳು. ಸಿಹಿನೀರಿನ ಮೀನಿನ ಪಂಪು ನಿಂತ ಹಾಗೆ, ಒಳಗೆ ಹೋದ ನೀರು ಆಚೆ ಬರಲ್ಲ, ಕಾಲಿಗೆ ಇಳಿಯುತ್ತೆ, ಎದೆಗೆ ಏರುತ್ತೆ, ಉಸಿರು ಕಟ್ಟುತ್ತೆ. ಭಾವನೇ ಫೋನ್ ತಗೊಂಡು ಮಾತಾಡಿದರು. ಕೆರೆ ಪೂರ್ತಿ ಇಳಿದಿದೆ, ಹುಡುಗರು ಕೆಸರಲ್ಲಿ ಕೊರವ ಹುಡುಕ್ತಾ ಇದ್ದಾರೆ ಅಂದರು. ನಾನು ಕಮೊಂಗೊ ವಿಷಯ ಹೇಳಿದೆ, ಪೊರೆ ಸುತ್ತಿಕೊಂಡು ಮಳೆ ಕಾಯೋದನ್ನ. ಅವರು ನಡುವೆ ಒಂದೂ ಮಾತಾಡದೆ ಕೇಳಿದರು. ಆಮೇಲೆ, ಆ ಮೀನು ಎದ್ದ ಮೇಲೆ ಮೊದಲು ಏನು ಮಾಡುತ್ತೆ ಅಂತ ವಿಚಾರಿಸಿದರು.